ಹಾಡು ಹಾಕಿ ನಡೆಸಿದ ಪರೀಕ್ಷೆ

ಕಸ್ಬಾ ಬಡಾವಣೆಯ ಕಾಲ್ ಸೆಂಟರ್‌ನಲ್ಲಿ ಅಂದು ತರಬೇತಿಯ ಕೊನೆಯ ಪರೀಕ್ಷೆ. ಕಾಲ್ ಸೆಂಟರ್ ಎಂದರೆ ಇಂಗ್ಲೆಂಡಿನವರ ಫೋನಿಗೆ ನಾವು ಇಲ್ಲಿಂದ ಉತ್ತರಿಸುವ ಜಾಗ. ಅವರ ಉಚ್ಚಾರಣೆ ತಿಳಿಯದವರಿಗೆ ಕೆಲಸವಿಲ್ಲ. ಬಂಗಾಳಿ ರೂಢಿಯಂತೆ ನಾವೆಲ್ಲ ದಾದಾ, ಅಂದರೆ ಅಣ್ಣ, ಎನ್ನುವ ತರಬೇತುದಾರ ಅಮಿತ್‌ದಾ ಬ್ರಿಟನ್ನಿನ ರಾಕ್ ತಂಡವೊಂದರ ಹೊಸ ಸಿಂಗಲ್, ಅಂದರೆ ಬಿಡಿಯಾಗಿ ಬಿಡುಗಡೆಯಾದ ಹಾಡು, ಹಾಕಿದರು.

"ಏನು ಹಾಡ್ತಿದ್ದಾನೆ, ಹೇಳಿ."

"ಬಾಯಲ್ಲಿ ರಸಗುಲ್ಲಾ ಇಟ್ಕೊಂಡಿದ್ದಾನೆ," ಪಕ್ಕದ ಮೌಸುಮಿ ಪಿಸುಗುಟ್ಟಿದಳು. ನನಗೆ ನಗು ಬರಲಿಲ್ಲ. ಮೊದಲ ಸರದಿ ನನ್ನದು. ಊಹಿಸಿ ಹೇಳುವ ಧೈರ್ಯವೂ ಆಗಲಿಲ್ಲ.

"ಕ್ಷಮಿಸಿ ದಾದಾ, ಗೊತ್ತಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹಾಕ್ತೀರಾ?"

"ಪಾಸ್! ಗಿರಾಕಿ ಮಾತು ತಿಳಿಯದಿದ್ದರೆ ಊಹಿಸಬಾರದು, ಹೀಗೇ ಕೇಳಬೇಕು."

ಆ ಹಾಡಿನಲ್ಲಿ ಏನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಮಿತ್‌ದಾ ಅವರಿಗೂ ಗೊತ್ತಿರಲಿಲ್ಲವೆಂದು ನನ್ನ ಅನುಮಾನ.