ಸವಣೂರಿನ ಹಳೆಯ ಕಂಪ್ಯೂಟರು

ನಮ್ಮ ಅವ್ವ ಯಾರ ಮನೆಯ ಡಬ್ಬಿಯನ್ನೂ ಖಾಲಿ ಹಿಂದಿರುಗಿಸಿದವಳಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕಳಿಸುತ್ತಿದ್ದಳು. ಆ ಪಾಠ ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ಹಾನಗಲ್ಲಿನ ನನ್ನ ಟೈಪಿಂಗ್ ಕ್ಲಾಸಿನ ಹಳೆಯ ಕಂಪ್ಯೂಟರುಗಳನ್ನು ಬೇಕಾದವರಿಗೆ ಕೊಡುವಾಗಲೂ ಖಾಲಿ ಮಾಡಿ ಕೊಡಲು ಕೈ ಬರಲಿಲ್ಲ. ಇಂಟರ್ನೆಟ್ಟಿನ ಹಾಡಿನಂಗಡಿಯೊಂದರಲ್ಲಿ ನಾನು ಒಂದೊಂದಾಗಿ ಕೊಂಡಿದ್ದ ನಾಟಕದ ಹಾಡುಗಳೆಲ್ಲ ನನ್ನ ಖಾತೆಯ ಸಮೇತ ಅವರವರ ಮನೆ ಸೇರಿದವು. ಡಬ್ಬಿ ತುಂಬಿಯೇ ಕೊಟ್ಟೆನೆಂದು ನನಗೆ ಒಳಗೊಳಗೇ ಹೆಮ್ಮೆ.

ಹೋದ ವರ್ಷ ಕ್ಲಾಸಿಗೆ ಹೊಸ ಕಂಪ್ಯೂಟರು ಬಂತು. ಅದರಲ್ಲಿ ನನ್ನ ಖಾತೆ ತೆರೆಯಲು ಹೋದರೆ ಬಾಗಿಲಲ್ಲೇ ತಡೆದರು. ಒಂದು ಖಾತೆಗೆ ಐದೇ ಕಂಪ್ಯೂಟರು, ನಿಮ್ಮ ಐದೂ ಮುಗಿದಿವೆ, ಹಳೆಯವನ್ನು ತೆಗೆಯಿರಿ ಎಂದಿತು ಪರದೆ. ನಾನು ಕೊಂಡ ಹಾಡು ಕೇಳಲು ನನಗೇ ಅಪ್ಪಣೆ ಬೇಕೇ ಎಂದು ಮೈಯೆಲ್ಲ ಉರಿಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕ್ಲಾಸಿನ ಹುಡುಗಿಯರು ಕಲಿತದ್ದರಲ್ಲಿ ಅರ್ಧ ಅದಕ್ಕೆ ಅಂಜಿಯೇ ಕಲಿತದ್ದು.

ತೆಗೆಯುವುದಕ್ಕೆ ಎರಡು ದಾರಿ ಇದ್ದವು. ಆಯಾ ಕಂಪ್ಯೂಟರಿನ ಮುಂದೆಯೇ ಕೂತು ಅದೊಂದನ್ನು ಖಾತೆಯಿಂದ ಬಿಡಿಸಬೇಕು. ಇಲ್ಲವೇ ಕೂತಲ್ಲಿಂದಲೇ ಒಂದು ಗುಂಡಿ ಒತ್ತಿ ಎಲ್ಲವನ್ನೂ ಒಮ್ಮೆಗೇ ಹೊರಗೆ ಹಾಕಬೇಕು. ಹಾಗೆ ಹೊರಗೆ ಹೋದ ಹಳೆಯ ಯಂತ್ರಕ್ಕೆ ಮತ್ತೆ ಒಳಗೆ ಬರುವ ಭಾಗ್ಯವಿರಲಿಲ್ಲ. ಅಷ್ಟು ಹಳೆಯವನ್ನು ಸೇರಿಸಿಕೊಳ್ಳುವುದನ್ನು ಆ ಅಂಗಡಿಯವರು ನಿಲ್ಲಿಸಿಬಿಟ್ಟಿದ್ದರು. ಆ ನಾಟಕದ ಹಾಡುಗಳನ್ನು ಮಾರುವುದನ್ನೂ ನಿಲ್ಲಿಸಿದ್ದರು.

ಐದರಲ್ಲಿ ಎರಡು ನಮ್ಮ ಕ್ಲಾಸಿನಲ್ಲೇ ಕೆಟ್ಟು ಗುಜರಿಗೆ ಹೋಗಿದ್ದವು. ಉಳಿದ ಮೂರನ್ನು ಒಯ್ದವರಿಗೆ ಫೋನು ಹಚ್ಚಿದೆ. "ಅಕ್ಕಾ, ಅದು ಕೆಟ್ಟು ಭಾಳ ದಿನ ಆತು. ಡಬ್ಬಿಯೊಳಗ ಇಲಿ ಮರಿ ಹಾಕಿದ್ವು, ಒಗದ್ವಿ," ಎಂದ ಶಿಗ್ಗಾಂವಿಯ ತಮ್ಮ. ಹಿರೇಕೆರೂರಿನ ಗೆಳತಿಯ ಮನೆಯಲ್ಲಿ ಪರದೆಯೊಂದು ಉಳಿದಿತ್ತಂತೆ, ಅದರ ಮೇಲೆ ಟವೆಲ್ ಒಣಹಾಕುತ್ತಾರಂತೆ. ಬದುಕಿದ್ದದ್ದು ಸವಣೂರಿನ ಅಕ್ಕನ ಮನೆಯದೊಂದೇ.

"ತಗದ ಬಿಡವಾ," ಎಂದಳು ಅಕ್ಕ. "ಇಲ್ಲಿ ಯಾರ ಕೇಳ್ತಾರ ಅದನ್ನ? ಧೂಳ ಹಿಡದ ಕುಂತೈತಿ."

ಮೌಸಿನ ಬಾಣವನ್ನು ಆ ಗುಂಡಿಯ ಮೇಲೆ ಇಟ್ಟೂ ಆಗಿತ್ತು. ಆದರೆ ನಮ್ಮ ಮನೆತನದಲ್ಲಿ ಬೇಡ ಅನ್ನುವ ಮಾತನ್ನು ನಂಬುವ ಹಾಗಿಲ್ಲ. ಹಸಿದು ಬಂದಿದ್ದರೂ ಎರಡನೇ ರೊಟ್ಟಿಗೆ ಕೈ ಅಡ್ಡ ಹಿಡಿಯುವವರು ನಾವು. ಬಡಿಸುವವರು ಕೈ ಸರಿಸಿ ತಾಟಿಗೆ ಹಾಕಬೇಕು, ಆಮೇಲೆ ಉಣ್ಣುತ್ತೇವೆ. ಅಕ್ಕ ಇದರಲ್ಲಿ ನಮಗೆಲ್ಲ ಗುರು. ಮೇಲಾಗಿ ಅವಳು ಆ ಮಾತನ್ನು ಬಹಳ ಬೇಗ ಹೇಳಿ ಮುಗಿಸಿದ್ದಳು. ಗುಂಡಿ ಒತ್ತದೆ, ಬಂದ ಭಾನುವಾರ ಸವಣೂರಿಗೆ ಹೊರಟೆ.

ಅಕ್ಕನ ಗಂಡ, ನಮ್ಮ ಭಾವ, ವೀಳ್ಯದೆಲೆ ವ್ಯಾಪಾರ ಮಾಡಿಕೊಂಡಿದ್ದವರು. ಸುತ್ತಮುತ್ತ ಎಲ್ಲಿ ನಾಟಕವಿದ್ದರೂ ಮುಂದಿನ ಸಾಲು ಅವರದೇ. ಹಾಡು ಮನಸ್ಸಿಗೆ ಬಂದರೆ ಎದ್ದು ನಿಂತು ವನ್ಸ್ ಮೋರ್ ಎಂದು ಕೂಗುತ್ತಿದ್ದರು, ನಟ ಇನ್ನೊಮ್ಮೆ ಹಾಡುವ ತನಕ ಕೂರುತ್ತಿರಲಿಲ್ಲ. ಅಂಥವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೇ ಹೋಗಿದ್ದವು. ನಾನು ಒಳಗೆ ಹೋದಾಗ ಭಾವ ಕುರ್ಚಿಯಲ್ಲಿ ಕೂತು ಎದುರಿನ ಮೇಜನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಏನೂ ಇರಲಿಲ್ಲ.

ಕಂಪ್ಯೂಟರು ಅಡುಗೆಮನೆಯ ಮೂಲೆಯಲ್ಲಿ, ಹಳೆಯ ಸೀರೆಯ ಕೆಳಗೆ ಇತ್ತು. ಸೀರೆ ಎತ್ತಿದರೆ ಧೂಳಿನ ಕಣವಿಲ್ಲ.

"ಇದನ್ನ ಇಲ್ಲಿ ಯಾಕ ಮುಚ್ಚಿಟ್ಟಿ?"

"ಕಣ್ಣಿಗೆ ಬಿದ್ರ ಹಾಡ ಹಚ್ಚಾಕ ಹೋಗ್ತಾರವಾ," ಎಂದಳು. "ನೀ ಫೋನ್ ಮಾಡಿದಾಗಿಂದ ರೂಢಿ ಬಿಡಸಾಕತ್ತೇನಿ. ಒಮ್ಮಿಗಲೇ ನಿಂತ್ರ ತಡಕೊಳ್ಳೂದಿಲ್ಲ ಅವರು."

ಆಮೇಲೆ ಒಲೆಯ ಕಡೆ ತಿರುಗಿಕೊಂಡು ಉಳಿದದ್ದನ್ನು ಹೇಳಿದಳು. ಕೀಬೋರ್ಡಿನ ಕೆಳಗಿನ ಉದ್ದನೆಯ ಕೀಲಿ ಒತ್ತಿದರೆ ಹಾಡು ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಭಾವ ಎಡಗೈಯಿಂದ ಅದನ್ನು ಒತ್ತುವುದು ಕಲಿತಿದ್ದರು. ಮೊಬೈಲಿನಲ್ಲೂ ಹಚ್ಚಿ ಕೊಟ್ಟು ನೋಡಿದ್ದಳಂತೆ. ಗಾಜಿನ ಮೇಲೆ ನಡುಗುವ ಬೆರಳು ಇಟ್ಟರೆ ಯಾವುದೋ ಜಾಹೀರಾತು ತೆರೆದುಕೊಳ್ಳುತ್ತಿತ್ತು, ಅವರು ಅದನ್ನು ದೂರ ತಳ್ಳಿದರು.

"ಉಣಸೂದು ನಾ, ಮೈ ತೊಳಿಯೂದು ನಾ, ಮಗ್ಗಲ ಹೊರಳಸೂದೂ ನಾ," ಎಂದಳು ಅಕ್ಕ. "ಅದೊಂದ ಕೆಲಸ ಅಷ್ಟ ಅವರ ಕೈಯಾಗ ಉಳದಿತ್ತು."

"ಹಂಗಿದ್ರ ತಗದ ಬಿಡು ಅಂತ ಯಾಕ ಅಂದಿ?" ನನ್ನ ದನಿ ಏರಿತು.

"ಕೊಟ್ಟಾಕಿ ನೀ. ನೀನ ಕೇಳಿದ ಮ್ಯಾಲ ಇಲ್ಲ ಅನ್ನಾಕ ಬಾಯಿ ಬರ್ತೈತೇನು?"

ಸಿಟ್ಟು ಬಂದಷ್ಟೇ ವೇಗದಲ್ಲಿ ಅಳುವೂ ಬಂತು. ಅಷ್ಟು ಕಷ್ಟದಲ್ಲಿರುವ ಗಂಡನಿಗೆ, ತಂಗಿಯ ಮಾತು ಕೆಡಬಾರದೆಂದು, ಈ ನನ್ನ ಅಕ್ಕ ಹಾಡು ಬಿಡಿಸುತ್ತ ಕೂತಿದ್ದಳು. ನಾನು ಕಂಪ್ಯೂಟರನ್ನು ಎತ್ತಿ ತಂದು ಮೇಜಿನ ಮೇಲೆ ಇಟ್ಟೆ. ವೈರುಗಳನ್ನು ಜೋಡಿಸಿ ಹಾಡುಗಳನ್ನು ತೆರೆದೆ. ಭಾವ ನನ್ನ ಕೈಯನ್ನೇ ನೋಡುತ್ತಿದ್ದರು. ಕೀಲಿಯನ್ನು ಮಾತ್ರ ನಾನು ಒತ್ತಲಿಲ್ಲ.

ಅವರ ಎಡಗೈ ತೊಡೆಯ ಮೇಲಿಂದ ಮೆಲ್ಲಗೆ ಎದ್ದಿತು. ಮೇಜಿನ ಅಂಚಿಗೆ ಒಮ್ಮೆ ತಾಗಿತು. ಅಕ್ಕ ಹಿಡಿಯಲು ಹೋದಳು, ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಕೀಲಿ ಟಕ್ಕೆಂದಿತು, ಹಾರ್ಮೋನಿಯಂ ಶುರುವಾಯಿತು. ಭಾವ ನಮ್ಮಿಬ್ಬರನ್ನೂ ಒಂದು ಸಲ ನೋಡಿದರು, ಮನೆಗೆ ಬಂದವರಿಗೆ ತಾವೇ ಏನೋ ಕೊಟ್ಟ ಹಾಗೆ.

ಆ ಗುಂಡಿಯನ್ನು ನಾನು ಇವತ್ತಿಗೂ ಒತ್ತಿಲ್ಲ. ಹೊಸ ಕಂಪ್ಯೂಟರಿನಲ್ಲಿ ಹಾಡಿಲ್ಲ, ಕ್ಲಾಸು ಮುಗಿಯುವವರೆಗೂ ಬರೀ ಕೀಬೋರ್ಡಿನ ಸಪ್ಪಳ. ಕೇಳಬೇಕು ಎನಿಸಿದ ಸಂಜೆ ಅಕ್ಕನಿಗೆ ಫೋನು ಮಾಡುತ್ತೇನೆ. ಅವಳು ಫೋನನ್ನು ಮೇಜಿನ ಮೇಲಿಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ.

ಈಚೆಗೆ ಒಂದು ಸಂಜೆ ಹಾಗೆಯೇ ಕೇಳುತ್ತಿದ್ದೆ. ಹಾಡು ಮುಗಿಯಿತು, ಫೋನು ಇಡಬೇಕು ಅನ್ನುವಷ್ಟರಲ್ಲಿ ಆ ಕಡೆಯಿಂದ ದಪ್ಪನೆಯ, ತಡವರಿಸುವ ಒಂದು ಗಂಡು ದನಿ ಬಂತು. "ವನ್ಸ... ಮೋ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸಿತು, ಅಕ್ಕ ಓಡಿ ಬಂದದ್ದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೀಲಿ ಟಕ್ಕೆಂದಿತು, ಅದೇ ಹಾಡು ಮೊದಲಿನಿಂದ ಶುರುವಾಯಿತು. ನಾನು ತುಂಬಿ ಕೊಟ್ಟ ಡಬ್ಬಿಯಲ್ಲಿ ಆ ಎರಡು ಮಾತು ಇರಲಿಲ್ಲ.