ಎತ್ತಬಾರದ ಕೈ

ಮೊನ್ನೆ ಮೊಮ್ಮಗಳು ಮುಲುಂಡ್ ಸ್ಟೇಷನ್ ಹತ್ತಿರದ ಅಂಗಡಿಯಿಂದ ಜೋಳದ ರೊಟ್ಟಿಯ ಪಾಕೀಟು ತಂದಳು. ಮಷೀನಿನಲ್ಲಿ ಒತ್ತಿದ, ಹಪ್ಪಳದಂತೆ ಒಣಗಿದ ರೊಟ್ಟಿ. ಗ್ಯಾಸಿನ ಮೇಲೆ ಬೆಚ್ಚಗೆ ಮಾಡಲು ಹೋಗಿ ಅಂಚು ಸುಟ್ಟುಕೊಂಡಳು. ಆ ಸೀದ ಜೋಳದ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಮತ್ತೆ ಮುಂಬಯಿಯ ದಾದರಿನಲ್ಲಿ, ಒಂದೊಂದು ಖೋಲಿಯ ಸಾಲುಮನೆಗಳ ಆ ಹಳೆಯ ಚಾಳಿನಲ್ಲಿದ್ದೆ. ಪಕ್ಕದ ಖೋಲಿಯಲ್ಲಿ ಕಾಕೂ ರೊಟ್ಟಿ ಬಡಿಯುತ್ತಿದ್ದಾರೋ ಇಲ್ಲವೋ ಎಂದು ಗೋಡೆಗೆ ಕಿವಿ ಹಚ್ಚಿಕೊಂಡು...

ಕಾಕೂ ನನಗೆ ಬಳಗವಲ್ಲ. ಬೆಳಗಾವಿ ಕಡೆಯವರು, ಇಡೀ ಚಾಳಿಗೇ ಕಾಕೂ, ಎಂದರೆ ಚಿಕ್ಕಮ್ಮ. ಅವರ ಗಂಡ ಕಾಕಾ ರೇಲ್ವೆ ಆಫೀಸಿನಲ್ಲಿ ಕಾರಕೂನರು, ಮಕ್ಕಳಿರಲಿಲ್ಲ. ನಾನು ಮದುವೆಯಾಗಿ ಧಾರವಾಡದಿಂದ ಬಂದ ಹೊಸತು. ನಮ್ಮೆರಡು ಖೋಲಿಗಳ ನಡುವೆ ಇದ್ದದ್ದು ಗೋಡೆ ಎನ್ನಲು ನಾಚಿಕೆಯಾಗುವಂಥ ಗೋಡೆ, ಹಲಗೆಗೆ ಗಿಲಾವು ಮಾಡಿದ್ದು. ಕಾಕೂ ರೊಟ್ಟಿ ಬಡಿದರೆ ನಮ್ಮ ಮನೆಯ ಡಬ್ಬಿಗಳು ಅಲುಗುತ್ತಿದ್ದವು. ಆ ಸದ್ದಿನಿಂದಲೇ ಅವರ ಮನಸ್ಸು ತಿಳಿಯುತ್ತಿತ್ತು. ಹದವಾಗಿ ಬಡಿದರೆ ಎಲ್ಲ ನೆಟ್ಟಗಿದೆ. ಧಡಧಡ ಎಂದರೆ ಕಾಕಾನ ಗ್ರಹಚಾರ ಕೆಟ್ಟಿದೆ.

ಅವರದು ಮಾತಿಗಿಂತ ಮೊದಲು ಕೈ. ಹಾಲಿಗೆ ನೀರು ಬೆರೆಸಿದ ಭೈಯಾನಿಗೆ ಮೆಟ್ಟಿಲ ಮೇಲೇ ಕಪಾಳಕ್ಕೆ ಬಿಗಿದಿದ್ದರು. ನಳದ ಸಾಲಿನಲ್ಲಿ ನುಗ್ಗಿದವರ ಕೊಡ ಉರುಳಿಸಿದ್ದರು. ಅಂಥವರು ಒಂದು ದಿನ ಗೋವಾ ಸತ್ಯಾಗ್ರಹಕ್ಕೆ ಹೋಗುತ್ತೇನೆ ಎಂದಾಗ ಚಾಳು ನಕ್ಕದ್ದರಲ್ಲಿ ತಪ್ಪಿಲ್ಲ. ನಾನೂ ನಕ್ಕೆ.

ನಗುವ ಸಂಗತಿಯಾಗಿರಲಿಲ್ಲ. ಅವರ ತಂಗಿಯನ್ನು ಗೋವಾದೊಳಗೆ ಕೊಟ್ಟಿದ್ದರು. ನಮಗೆ ಸ್ವಾತಂತ್ರ್ಯ ಬಂದು ಎಂಟು ವರ್ಷವಾಗಿದ್ದರೂ ಅಲ್ಲಿ ಇನ್ನೂ ಪೋರ್ಚುಗೀಸರ ಕಾಯಿದೆ. ಸಭೆ ಕೂಡುವಂತಿಲ್ಲ, ನಮ್ಮ ಬಾವುಟ ಹಿಡಿಯುವಂತಿಲ್ಲ. ತಂಗಿಯ ಗಂಡ ಸಂತೆಯಲ್ಲಿ ಬಾವುಟ ಹಿಡಿದು ನಿಂತ ಅಪರಾಧಕ್ಕೆ ಜೈಲಿನಲ್ಲಿದ್ದ. ಅದೇ ಬಾವುಟ ಹಿಡಿದು ಬರಿಗೈಯಲ್ಲಿ ಗಡಿ ದಾಟಿ ಆ ಕಾಯಿದೆ ಮುರಿಯಲು ಊರೂರಿನಿಂದ ಜನ ಹೊರಟಿದ್ದರು. ಹಾಗೆ ಹೋಗುವವರಿಗೆ ದಾದರಿನಲ್ಲೇ ಒಂದು ಶಾಲೆಯ ಅಂಗಳದಲ್ಲಿ ತಾಲೀಮು ನಡೆಯುತ್ತಿತ್ತು. ಕಲಿಸುವವರು ಒಬ್ಬ ನಿವೃತ್ತ ಮಾಸ್ತರರು. ಅವರದು ಒಂದೇ ಪಾಠ: ಲಾಠಿ ಬೀಸಿದಾಗ ಕೈ ಎತ್ತಬಾರದು. ಹೊಡೆಯಲಂತೂ ಇಲ್ಲವೇ ಇಲ್ಲ, ತಡೆಯಲೂ ಎತ್ತಬಾರದು. ಒಂದು ಕೈ ಮೇಲೆದ್ದರೆ ಸಾಕು, ಆಚೆಯವರಿಗೆ ಅದೇ ನೆವ, ಇಡೀ ಸಾಲಿನ ಮೇಲೆ ಗುಂಡು ಹಾರಿಸುತ್ತಾರೆ ಎಂದು ದಿನವೂ ಹೇಳುತ್ತಿದ್ದರಂತೆ.

ಮೊದಲ ದಿನವೇ, ತಾಲೀಮಿಗೆಂದು ಕೋಲು ಬೀಸಿದ ಮಾಸ್ತರರ ಕೈಯಿಂದ ಕಾಕೂ ಅದನ್ನು ಕಸಿದು ಅವರಿಗೇ ಗುರಿ ಹಿಡಿದರು. ಎರಡನೆಯ ದಿನವೂ ಅದೇ ಕತೆ. ಮುಂದಿನ ವಾರ ನೋಡುತ್ತೇನೆ, ಆಗಲೂ ಕೈ ಎದ್ದರೆ ನೀವು ಮನೆಯಲ್ಲಿರಿ ಎಂದು ಮಾಸ್ತರರು ಹೇಳಿ ಕಳಿಸಿದ್ದರು. ಕಾಕೂ ಮಧ್ಯಾಹ್ನ ನಮ್ಮ ಮನೆಗೆ ಬಂದು ಬಾಗಿಲು ಮುಂದೆ ಮಾಡಿ, ನನ್ನ ಲಟ್ಟಣಿಗೆ ತೆಗೆದು ನನ್ನ ಕೈಗೇ ಕೊಟ್ಟರು.

“ಹೊಡಿ,” ಎಂದರು.

“ನನಗ ಕೈ ಬರೂದಿಲ್ಲ ಕಾಕೂ.”

“ಚಪಾತಿ ಲಟ್ಟಿಸಾಕ ಬರತೈತಿ, ಹೊಡಿಯಾಕ ಬರೂದಿಲ್ಲ? ನೀ ಈಗ ಹೊಡೀಲಿಲ್ಲಂದ್ರ, ನಾಳೆ ಅವರು ಹೊಡದಾಗ ನನ್ನ ಕೈ ತಾನ ಏಳತೈತಿ. ಹೊಡಿಯವಾ.”

ನಾನು ಮೊದಲೇ ಪುಕ್ಕಲು. ಕಣ್ಣು ಮುಚ್ಚಿ ಬೀಸಿದೆ. ತೆರೆದು ನೋಡಿದರೆ ಲಟ್ಟಣಿಗೆ ಅವರ ಮುಷ್ಟಿಯಲ್ಲಿತ್ತು, ನನ್ನ ರಟ್ಟೆ ತಿರುಚಿಕೊಂಡಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಕಾಕೂ ಮುಖ ಸಣ್ಣಗಾಯಿತು. ಈ ಕೈ ನನ್ನ ಮಾತು ಕೇಳುವುದಿಲ್ಲವಲ್ಲ ಎಂದು ಕೈಯನ್ನೇ ನೋಡುತ್ತಾ ಕೂತರು.

ಉಪಾಯ ಅವರಿಗೇ ಹೊಳೆಯಿತು. ರೊಟ್ಟಿಗೆ ನಾದಿದ ಹಿಟ್ಟಿನ ಉಂಡೆಯೊಂದನ್ನು ಬಲ ಅಂಗೈ ಮೇಲೆ ಇಟ್ಟುಕೊಂಡು, ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ನಿಂತರು. ಏಟು ಬಂದಾಗ ಕೈ ಎದ್ದರೆ ಉಂಡೆ ಬೀಳುತ್ತದೆ, ಮುಷ್ಟಿ ಬಿಗಿದರೆ ಹಿಟ್ಟಿನಲ್ಲಿ ಬೆರಳಚ್ಚು ಮೂಡುತ್ತದೆ. ಅನ್ನವನ್ನು ಕೆಳಗೆ ಕೆಡವುವ ಹೆಂಗಸು ಅವರಲ್ಲ. ಆದರೂ ಮೊದಮೊದಲು ಉಂಡೆ ನನ್ನ ಕಾಲ ಬಳಿ ಬಂದು ಬೀಳುತ್ತಿತ್ತು. ಆಮೇಲೆ ಬೆರಳಚ್ಚು ಮೂಡತೊಡಗಿತು. ಕೊನೆಕೊನೆಗೆ ನಾನು ಭುಜಕ್ಕೆ, ಬೆನ್ನಿಗೆ, ಅಳುತ್ತಾ ಅಳುತ್ತಾ ನಿಜವಾಗಿಯೇ ಹೊಡೆದರೂ ಹಿಟ್ಟು ಇಟ್ಟ ಹಾಗೇ ಇರುತ್ತಿತ್ತು. ಅದೇ ಹಿಟ್ಟಿನಿಂದ ಸಂಜೆ ರೊಟ್ಟಿ ಮಾಡಿ ಕಾಕಾನಿಗೆ ಬಡಿಸುತ್ತಿದ್ದರು.

ಮಾಸ್ತರರು ಒಪ್ಪಿದರು. ಕಾಕೂ ಹೊರಟ ದಿನ ಚಾಳಿನವರೆಲ್ಲ ಸ್ಟೇಷನ್ನಿಗೆ ಹೋಗಿ ಘೋಷಣೆ ಕೂಗಿ ಬಂದೆವು. ಗಾಡಿ ಹೋದ ಮೇಲೆ ಕಾಕಾ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು. ಅವರು ಮಾತು ಆಡುವುದೇ ಅಪರೂಪ. ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು:

“ಕೈ ಎತ್ತಬಾರದಂತ ಚಲೋ ಕಲಿಸಿದ್ಯವಾ. ಇನ್ನ ತಲಿ ಯಾರು ಕಾಯಬೇಕು?”

ಬೈದದ್ದಲ್ಲ, ಕೇಳಿದ್ದು ಅಷ್ಟೇ. ಆದರೆ ಆ ಮಾತು ಅಲ್ಲಿಯವರೆಗೆ ನನಗೆ ತೋಚಿಯೇ ಇರಲಿಲ್ಲ. ನಾಯಿ ಬೆಕ್ಕುಗಳೂ ಏಟು ಬಂದರೆ ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಳ್ಳದ ಹಾಗೆ ಒಬ್ಬರನ್ನು ತಯಾರು ಮಾಡಿ ಲಾಠಿಯ ಮುಂದೆ ಕಳಿಸಿದ್ದೆವು...

ಗಡಿಯಲ್ಲಿ ಗುಂಡು ಹಾರಿತು ಎಂಬ ಸುದ್ದಿ ಮಳೆಯ ಜೊತೆಗೇ ಬಂತು. ಮೂಲೆಯ ಉಡುಪಿ ಹೋಟೆಲಿನಲ್ಲಿ ರೇಡಿಯೋ ಇತ್ತು. ನಾನು ಸೆರಗು ಹೊದ್ದು ಹೋಗಿ ಹಣದ ಗಲ್ಲೆಯ ಪಕ್ಕ ನಿಲ್ಲುತ್ತಿದ್ದೆ. ಮಾಲಕರು ನನ್ನ ಮುಖ ನೋಡಿ ರೇಡಿಯೋ ಜೋರು ಮಾಡುತ್ತಿದ್ದರು.

“ಹೆಂಗಸರದ್ದು ಎಂತದೂ ಹೇಳ್ಲಿಲ್ಲಮ್ಮ,” ಎನ್ನುತ್ತಿದ್ದರು. “ಹೇಳ್ಲಿಲ್ಲ ಅಂದ್ರೆ ಒಳ್ಳೇದೇ ಅಂತ ತಿಳ್ಕೊಳ್ಳಿ. ಒಂದು ಕಾಫಿ ಕುಡೀರಿ ಮಾರಾಯ್ರೆ.”

ಕಾಫಿ ಅಲ್ಲೇ ಬಿಟ್ಟು ಬರುತ್ತಿದ್ದೆ. ಮನೆಗೆ ಬಂದರೆ ಆ ಗೋಡೆ. ಅಷ್ಟು ಸುಮ್ಮನಿದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕಾಕಾ ಆಫೀಸು ಬಿಟ್ಟವರೇ ಪುಣೆ ಕಡೆಯಿಂದ ಬರುವ ಗಾಡಿಗಳನ್ನು ನೋಡಿಕೊಂಡು ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದರು. ನಾನು ಕೊಟ್ಟ ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಗದ್ದಲ. ಓಡಿಹೋಗಿ ನೋಡಿದರೆ ಕಾಕೂ. ತಲೆ ನೆಟ್ಟಗಿತ್ತು. ಹಣೆಯ ಮೇಲೊಂದು ಪಟ್ಟಿ, ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿ ಕೊರಳಿಗೆ ಜೋತುಬಿದ್ದಿತ್ತು. ಜನ ಹಾರ ಹಾಕಿದರು, ಪೇಢೆ ಹಂಚಿದರು. ನಾನು ಜೀವ ಬಂದಂತಾಗಿ ಗೋಡೆಗೆ ಒರಗಿ ಅತ್ತೆ. ಕಾಕೂ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ಕಾಕಾನಿಗೂ ಕೇಳಬಾರದೆಂಬಂತೆ ಅಂದರು:

“ಎತ್ತಿಬಿಟ್ನವಾ.”

ನನಗೆ ತಕ್ಷಣ ತಿಳಿಯಲಿಲ್ಲ.

“ಕೈ. ನನ್ನ ಮ್ಯಾಲೆ ಬಂದಾಗ ಎತ್ತಲಿಲ್ಲ. ಹಣೀ ಒಡೀತು, ಹಿಟ್ಟು ಅಲ್ಲಾಡಲಿಲ್ಲ ಅನ್ನಕೋ. ಬಾಜೂಕ ಒಂದು ಕಾಲೇಜ್ ಹುಡುಗಿ ಇತ್ತು, ನಿನ್ನಷ್ಟ. ಅಕೀ ತಲಿ ಮ್ಯಾಲೆ ಲಾಠಿ ಬಂತು. ನನ್ನ ಕೈ ನನ್ನನ್ನ ಕೇಳಲಿಲ್ಲ.”

“ಅದು ಹೊಡಿಯಾಕ ಎತ್ತಿದ್ದಲ್ಲಲ್ಲ ಕಾಕೂ. ಒಂದು ಜೀವ ಉಳಿಸಿದ್ರಿ.”

“ದೂರ ನಿಂತಾವಗ ಏನ ಗೊತ್ತು, ಯಾಕ ಎತ್ತಿದ್ಲಂತ? ಎತ್ತಿದ ಕೈ ಎತ್ತಿದ ಕೈನ. ಆಮ್ಯಾಲೆ ಗುಂಡು ಹಾರಿದ್ವು. ಹಿಂದಿನ ಸಾಲಿನಾಗ ಇಬ್ಬರು ಬಿದ್ರು. ನನ್ನ ಕೈ ನೋಡೇ ಹಾರಿಸಿದ್ರೋ ಏನೋ...”

ಇಲ್ಲ ಎಂದೆ. ಮಾಸ್ತರರೂ ಮನೆಗೆ ಬಂದು, ಹಾರಿಸುವವರು ಹೇಗೂ ಹಾರಿಸುತ್ತಿದ್ದರು ಎಂದರು. ಸಮಾಧಾನಕ್ಕೆಂದು ತಾವು ಕಲಿಸಿದ್ದನ್ನು ತಾವೇ ಅಲ್ಲಗಳೆಯುತ್ತಿದ್ದಾರೆಂದು ಕಾಕೂಗೆ ಗೊತ್ತಾಯಿತು. ಕೆಲವು ತಿಂಗಳ ಮೇಲೆ ಆ ಹುಡುಗಿಯೇ ಹುಡುಕಿಕೊಂಡು ಬಂದಳು. ಕಾಲಿಗೆ ಬಿದ್ದಳು, ನೀವು ನನ್ನ ತಾಯಿ ಎಂದಳು. ಕಾಕೂ ಕೇಳಿದ್ದು ಒಂದೇ ಮಾತು: “ಗುಂಡು ಹಾರಿದ್ದು ನಾ ಕೈ ಎತ್ತೂಕಿಂತ ಮೊದಲೋ, ಆಮ್ಯಾಲೋ? ಖರೇ ಹೇಳು.”

“ನಾ ಕಣ್ಣು ಮುಚ್ಚಿದ್ದೆರೀ,” ಎಂದಳು ಆ ಹುಡುಗಿ. ಅವಳ ಬಾಯಿಗೆ ಮೊದಲು ಬಂದದ್ದು ನಿಜವೇ, ಪಾಪ. ಆಮೇಲೆ ಎಷ್ಟು ಸಲ “ಮೊದಲ ಇರಬೇಕ್ರಿ” ಎಂದರೂ ಕಾಕೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಣಿಕಟ್ಟಿನ ಎಲುಬು ಸೊಟ್ಟಗೆ ಕೂಡಿಕೊಂಡಿತು. ರೊಟ್ಟಿ ಬಡಿಯುವುದು ಮುಗಿದೇ ಹೋಯಿತು. ಭೈಯಾ ಹಾಲಿಗೆ ಎಷ್ಟು ನೀರು ಹಾಕಿದರೂ ಕೇಳುವವರಿಲ್ಲ, ನಳದ ಮುಂದೆ ಯಾರು ನುಗ್ಗಿದರೂ ಕಾಕೂ ಹಿಂದೆ ಸರಿದು ನಿಲ್ಲುತ್ತಿದ್ದರು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ಎರಡೂ ಮನೆಯ ರೊಟ್ಟಿ ನನ್ನ ಪಾಲಿಗೆ ಬಂತು. ನಾನು ಬಡಿಯುವುದು ಅವರಿಗೆ ಗೋಡೆಯಾಚೆ ಕೇಳುತ್ತಿತ್ತು. ಅಂಚು ಹರಿಯುವ ಹಾಗೆ ಬಡಿದರೆ ಎಡಗೈಯಿಂದ ಗೋಡೆಗೆ ಟಕ್ ಎಂದು ಕುಟ್ಟುತ್ತಿದ್ದರು. ಮೆತ್ತಗೆ, ಎಂದು ಅರ್ಥ. ಹೇಗೆ ತಿಳಿಯುತ್ತಿತ್ತೋ, ಒಂದು ಸಲವೂ ತಪ್ಪುತ್ತಿರಲಿಲ್ಲ.

ಗೋವಾ ಬಿಡುಗಡೆಯಾದದ್ದು ಕೆಲವು ವರ್ಷಗಳ ಮೇಲೆ, ಬಂದೂಕು ಹಿಡಿದ ನಮ್ಮ ಫೌಜು ಹೋಗಿ. ತಂಗಿಯ ಗಂಡ ಮನೆ ಸೇರಿದ್ದ. ಹೋಟೆಲಿನ ಮಾಲಕರು ಚಾಳಿಗೆಲ್ಲ ಶಿರಾ ಕಳಿಸಿದರು. ಕಾಕೂ ಎಡಗೈಯಲ್ಲಿ ತಿಂದು, ಚಲೋ ಆತು ಎಂದು ಎದ್ದು ಹೋದರು. ಕಾಕಾ ನಿವೃತ್ತರಾದ ಮೇಲೆ ಇಬ್ಬರೂ ಕಾಂದಿವಲಿಯಲ್ಲಿ ಕಾಕಾನ ಅಣ್ಣನ ಮಗನ ಮನೆ ಸೇರಿದರು. ಕಾಕೂ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಯ ದಿನಗಳಲ್ಲೂ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದರಂತೆ.

ಮೊಮ್ಮಗಳ ಸುಟ್ಟ ರೊಟ್ಟಿ ಬದಿಗಿಟ್ಟು ನಾನೇ ಹಿಟ್ಟು ನಾದಿದೆ. ಕೈಯಲ್ಲಿ ಮೊದಲಿನ ಕಸುವಿಲ್ಲ. ಬಡಿಯುತ್ತಾ ಬಡಿಯುತ್ತಾ ಅಂಚು ಹರಿಯಿತು. ನಾನು ಕೈ ನಿಲ್ಲಿಸಿ ಗೋಡೆ ಕಡೆ ನೋಡಿದೆ.

“ಕ್ಯಾ ಹುವಾ ಆಜಿ?” ಎಂದಳು ಮೊಮ್ಮಗಳು.

ಏನಿಲ್ಲ ಎಂದೆ. ಈ ಬಿಲ್ಡಿಂಗಿನಲ್ಲಿ ಆ ಗೋಡೆಯ ಆಚೆ ಮನೆಯಿಲ್ಲ, ಲಿಫ್ಟ್ ಇದೆ. ಆದರೂ ಸ್ವಲ್ಪ ಹೊತ್ತು ಕಾದೆ...