ಬೆರಳ ಮಾತು ಹಿಡಿಯುವ ಕ್ಯಾಮೆರಾ ಅಕ್ಕ

ಬೆಳಿಗ್ಗೆ ಆರೂಕಾಲು. ಕಿವುಡ ಮಕ್ಕಳ ಶಾಲೆಯ ಮೇಲ್ಮಹಡಿಯಲ್ಲಿ, ಪೂರ್ವಕ್ಕೆ ದೊಡ್ಡ ಕಿಟಕಿಯಿರುವ ಕೋಣೆಯೊಳಗೆ, ಶಾಲೆಯ ಆಯಾ ಬೆಂಚಿನ ಮೇಲೆ ಬೆಂಚು ಹೇರುತ್ತಿದ್ದಾರೆ. ಅದರ ಮೇಲೆ ಮರಳು ತುಂಬಿದ ಪುಟ್ಟ ಬಟ್ಟೆಚೀಲ, ಚೀಲದ ಮೇಲೆ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ. ಎದುರು ಗೋಡೆಗೆ ಇಸ್ತ್ರಿ ಮಾಡಿದ ಕಡುನೀಲಿ ಹೊದಿಕೆ. ಅದರ ಮುಂದೆ ವಿಜ್ಞಾನದ ಟೀಚರ್ ಮಿನುಗುವ ಉಂಗುರ ಬಿಚ್ಚಿಟ್ಟು ನಿಂತಿದ್ದಾರೆ. ಮಕ್ಕಳ ಹಾಗೆ ಅವರಿಗೂ ಕಿವಿ ಕೇಳಿಸದು. ಆಯಾ ಗುಂಡಿ ಒತ್ತಿ, ಕೈ ಹಿಂದೆ ಎಳೆದುಕೊಂಡು, ಅಲುಗಾಟ ನಿಲ್ಲಲೆಂದು ಮನಸ್ಸಿನಲ್ಲೇ ನಾಲ್ಕು ಎಣಿಸಿ ತಲೆಯಾಡಿಸುತ್ತಾರೆ. ಟೀಚರ ಕೈಗಳು ಮಾತಿಗೆ ತೊಡಗುತ್ತವೆ. ಇವತ್ತಿನ ಪಾಠ, ಹೃದಯ ಬಡಿಯುವ ಬಗೆ.

ಶಾಲೆಗೆಲ್ಲ ಈ ಆಯಾ ಕ್ಯಾಮೆರಾ ಅಕ್ಕ. ವಯಸ್ಸು ಐವತ್ತೆರಡು, ಅದರಲ್ಲಿ ಹತ್ತೊಂಬತ್ತು ವರ್ಷ ಇದೇ ಕಟ್ಟಡದಲ್ಲಿ ಕಸ ಗುಡಿಸಿ, ನೆಲ ಒರೆಸಿ ಕಳೆದದ್ದು. ಗಂಡ ತೀರಿಕೊಂಡ ವರ್ಷ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕೆಲಸ ಕೇಳಲು ಬಂದವರು. ಸನ್ನೆಭಾಷೆಯನ್ನು ಯಾರೂ ಕೂರಿಸಿ ಕಲಿಸಲಿಲ್ಲ. "ಮಕ್ಕಳು ನನ್ನೆದುರೇ ನನ್ನ ಬಗ್ಗೆ ತಮಾಷೆ ಮಾಡ್ಕೊಂಡು ನಗೋರು. ಏನಂತಾರೆ ಅಂತ ತಿಳೀದೆ ಬಿಡೋದು ಹೇಗೆ? ಅದಕ್ಕೇ ಕಲಿತೆ," ಎನ್ನುತ್ತಾರೆ. ಹೊಸ ಫೋನು ಬಂದ ಮೇಲೆ ಮಗಳು ಮೂಲೆಗೆಸೆದ ಕ್ಯಾಮೆರಾ ಇವರ ಪಾಲಿಗೆ ಬಂತು.

ಎರಡು ವರ್ಷದ ಹಿಂದೆ ಟೀಚರ ಬಲ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ಪಟ್ಟು ಹಿಡಿದರು. ಮೂರು ತಿಂಗಳು ಕೈ ಆಡಿಸುವಂತಿಲ್ಲ. ಆ ಮೂರು ತಿಂಗಳ ಕೊನೆಗೇ ಹತ್ತನೇ ತರಗತಿಯ ಪರೀಕ್ಷೆ. ಸನ್ನೆಯಲ್ಲಿ ವಿಜ್ಞಾನ ಹೇಳಿಕೊಡಬಲ್ಲವರು ಬೇರೆ ಯಾರೂ ಇಲ್ಲ. ಪಾಠಗಳನ್ನು ಮೊದಲೇ ಚಿತ್ರೀಕರಿಸಿಡೋಣವೆಂದು ಮುಖ್ಯೋಪಾಧ್ಯಾಯರು ಮದುವೆಗಳ ವಿಡಿಯೊ ಮಾಡುವವನನ್ನು ಕರೆಸಿದರು. ಆತ ಭರ್ಜರಿ ಕ್ಯಾಮೆರಾ ತಂದು ಟೀಚರ ಸುತ್ತ ಸುತ್ತಿದ, ನಗುಮುಖವನ್ನು ತೆರೆ ತುಂಬ ತೋರಿಸಿದ. ಕೈಗಳು ಅರ್ಧಕ್ಕರ್ಧ ಚೌಕಟ್ಟಿನಾಚೆ. ಸಾಲದೆಂಬಂತೆ ಹಿನ್ನೆಲೆಗೆ ಸೊಗಸಾದ ಸಂಗೀತ ಬೇರೆ ಸೇರಿಸಿದ್ದ!

"ಕೇಳೋರು ಯಾರಪ್ಪಾ ಅಂತ ನಗು ಬಂತು. ಆಮೇಲೆ ಹೊಟ್ಟೆ ಉರೀತು. ಸರ್, ನಾನೊಂದು ಕೈ ನೋಡ್ಲಾ ಅಂತ ಕೇಳೇಬಿಟ್ಟೆ," ಎನ್ನುತ್ತಾರೆ ಅಕ್ಕ.

ಮೊದಲ ಪ್ರಯತ್ನ ನೆಲಕಚ್ಚಿತು. ಸಂಜೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಐದು ಪಾಠಗಳಲ್ಲಿ ಟೀಚರ ಬೆರಳುಗಳು ಹೊಗೆಯಂತೆ ಕಲಸಿಹೋಗಿದ್ದವು. ಎಂಟರ ಸನ್ನೆ ಯಾವುದು, ಒಂಬತ್ತರದು ಯಾವುದು ಎಂದು ಮಕ್ಕಳಿಗೆ ತಿಳಿಯಲೇ ಇಲ್ಲ. ಅಕ್ಕ ಎದೆಗುಂದಲಿಲ್ಲ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಕಿಟಕಿಯ ಪಕ್ಕ ತಮ್ಮದೇ ಎಡಗೈ ಆಡಿಸಿ ಚಿತ್ರೀಕರಿಸಿ ನೋಡಿದರು. ಬೆಳಗಿನ ಬೆಳಕಲ್ಲಿ ಉಗುರಿನ ಅಂಚೂ ಸ್ಪಷ್ಟ! ಐದೂ ಪಾಠಗಳನ್ನು ಅಳಿಸಿ ಹೊಸದಾಗಿ ಶುರುಮಾಡಿದರು. ನೋವು ನುಂಗಿಕೊಂಡು ಟೀಚರ್ ದಿನಾ ಬೆಳಗಾಗುವ ಮುಂಚೆ ಬಂದರು. ಹತ್ತೊಂಬತ್ತು ಬೆಳಗು, ಮೂವತ್ತಾರು ಪಾಠ. ಕೊನೆಯ ಪಾಠ ಮುಗಿದ ಮರುದಿನವೇ ಅವರು ಆಸ್ಪತ್ರೆಗೆ ಸೇರಿದರು.

ಪರೀಕ್ಷೆ ಬರೆದ ಹದಿನಾಲ್ಕೂ ಮಕ್ಕಳು ವಿಜ್ಞಾನದಲ್ಲಿ ಪಾಸು. "ನನ್ನ ಕೈ ಮಲಗಿತ್ತು, ಪಾಠ ನಿಲ್ಲಲಿಲ್ಲ," ಎಂದು ಟೀಚರ್ ಸನ್ನೆಯಲ್ಲಿ ಹೇಳಿ ಅಕ್ಕನ ಬೆನ್ನು ತಟ್ಟುತ್ತಾರೆ.

ಈಗ ಬೆಳಕು ಹದವಾಗಿರುವ ಒಂದೂವರೆ ಗಂಟೆಯಲ್ಲಿ ಎರಡು ಪಾಠ, ಅದೃಷ್ಟ ಕೂಡಿಬಂದರೆ ಮೂರು. ಎಂಟಕ್ಕೆ ಪೊರಕೆ ಕೈಗೆ. ಹನ್ನೊಂದು ಕೋಣೆ, ನಾಲ್ಕು ಜಗುಲಿ, ಎರಡು ಮೆಟ್ಟಿಲಸಾಲು. ಇನ್ನೂ ಆರು ಶಾಲೆಗಳು ಇವರ ಪಾಠಗಳನ್ನು ತರಿಸಿಕೊಂಡಿವೆ. ಅಲ್ಲಿನವರು ಗುಟ್ಟೇನೆಂದು ಕೇಳಿದರೆ ಅಕ್ಕ ಬಾಯಿಪಾಠದಂತೆ ಒಪ್ಪಿಸುತ್ತಾರೆ: "ಲೆನ್ಸು ಒರೆಸಿ. ಕ್ಯಾಮೆರಾ ಅಲ್ಲಾಡಬಾರದು. ಹತ್ತಿರ ಬೇಕಂದ್ರೆ ಝೂಮ್ ಎಳೀಬೇಡಿ, ಬೆಂಚನ್ನೇ ಎಳ್ಕೊಳ್ಳಿ. ತಲೆ ಮೇಲೆ ಒಂದು ಗೇಣು, ಮೊಣಕೈ ಪಕ್ಕ ಒಂದು ಗೇಣು ಜಾಗ ಬಿಡಿ." ಫೋನಿನಲ್ಲೇ ತೆಗೆಯಬಹುದಲ್ಲ ಎಂದರೆ ನಗುತ್ತಾರೆ. "ಪಾಠದ ಮಧ್ಯೆ ನಮ್ಮತ್ತೆ ಫೋನ್ ಮಾಡ್ತಾರೆ. ಇದಕ್ಕೆ ಯಾರೂ ಮಾಡಲ್ಲ."

ದೊಡ್ಡ ಕ್ಯಾಮೆರಾ ಕೊಡಿಸುತ್ತೇನೆಂದು ದಾನಿಯೊಬ್ಬರು ಮುಂದೆ ಬಂದಿದ್ದರು. ಅಕ್ಕ ಬೇಡವೆಂದರು. ಅವರ ತಲೆಯಲ್ಲಿ ಕೊರೆಯುತ್ತಿರುವುದೇ ಬೇರೆ.

"ಇಲ್ಲಿ ಈ ಮಕ್ಕಳು ಎಷ್ಟು ಹರಟ್ತಾರೆ ಗೊತ್ತಾ? ಮನೆಗೆ ಹೋದ್ರೆ ಸುಮ್ಮನಾಗ್ತಾರೆ, ಅಲ್ಲಿ ಯಾರಿಗೂ ಸನ್ನೆ ಬರಲ್ಲ. ಅಮ್ಮಂದಿರಿಗೋಸ್ಕರ ಒಂದು ಚಿಕ್ಕ ವಿಡಿಯೊ ಮಾಡ್ಬೇಕು. ಜಾಸ್ತಿ ಏನಿಲ್ಲ," ಎನ್ನುತ್ತಾ ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈ ಬಿಡಿಸಿಕೊಂಡು, ಬೆರಳುಗಳನ್ನು ನಿಧಾನವಾಗಿ ಆಡಿಸಿ ತೋರಿಸುತ್ತಾರೆ. "'ಇವತ್ತು ಸ್ಕೂಲಲ್ಲಿ ಏನಾಯ್ತು, ಕಂದಾ?' ಅಂತ ಕೇಳೋಕೆ ಬಂದ್ರೆ ಸಾಕು. ಮಿಕ್ಕಿದ್ದೆಲ್ಲಾ ಮಗೂನೇ ಹೇಳುತ್ತೆ."